ವಿಷವೇ ಔಷಧವಾದ ಬಗೆ

ಗುಲಗಂಜಿಯನ್ನರಿಯದ ಮನೆ ನಮ್ಮ ನಾಡಿನಲ್ಲಿ ವಿರಳ. ಹಿಂದೆ ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನವನ್ನು ತೂಗುತ್ತಿದ್ದ ಆ ಕೆಂಪು ಬೀಜದೊಳಗೆ ಅಬ್ರಿನ್ ಎಂಬ ಘೋರ ವಿಷವುಂಟು. ಅದು ಜೀವಕಣದೊಳಗೆ ಹೊಕ್ಕರೆ ಅಲ್ಲಿ ಪ್ರೋಟೀನು ಸಿದ್ಧವಾಗುವುದು ನಿಂತು, ಕಣವು ಸಾಯುತ್ತದೆ. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧಕರು ಈ ವಿಷವನ್ನು ಬಹುಕಾಲ ಪರಿಶೀಲಿಸಿ, ಅದನ್ನು ಅರ್ಬುದದ ಕಣಗಳ ಮೇಲೆ ತಿರುಗಿಸಬಹುದೇ ಎಂದೂ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ್ದಾರೆ.

ಕೊಲ್ಲುವ ವಸ್ತುವು ಕಾಯುವುದೆಂತು ಎಂದು ವಾಚಕರು ಕೇಳಬಹುದು. ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯೂಕೀಮಿಯಾ ಎಂಬ ರಕ್ತದ ಅರ್ಬುದವನ್ನು ತೆಗೆದುಕೊಳ್ಳೋಣ. ಸಾಮಾನ್ಯ ಔಷಧಗಳಿಂದಲೇ ಇದು ಬಹುಮಂದಿ ಮಕ್ಕಳಲ್ಲಿ ಗುಣವಾಗುತ್ತದೆ. ಆದರೆ ಕೆಲವರಲ್ಲಿ ರೋಗವು ಮರಳಿ ಬಂದು, ಹಿಂದಿನ ಔಷಧಕ್ಕೆ ಜಗ್ಗದೆ ನಿಲ್ಲುತ್ತದೆ. “ಔಷಧ ನಾಟುತ್ತಿಲ್ಲ” ಎಂಬ ವೈದ್ಯರ ಮಾತನ್ನು ಕೇಳಿದ ತಾಯಿಗೆ ಮುಂದಿನ ದಾರಿ ಯಾವುದು?

ದಾರಿಯೊಂದುಂಟು. ಈ ರೋಗದ ಕಣಗಳಲ್ಲಿ ಹೆಚ್ಚಿನವುಗಳ ಹೊರಮೈಯಲ್ಲಿ ಸಿಡಿ-22 ಎಂಬ ಗುರುತಿರುತ್ತದೆ. ಆ ಗುರುತನ್ನು ಮಾತ್ರ ಹಿಡಿಯುವ ಪ್ರತಿಕಾಯವೊಂದನ್ನು ಸಿದ್ಧಪಡಿಸಿ, ಅದಕ್ಕೆ ವಿಷವನ್ನು ಕಟ್ಟಿ ರಕ್ತಕ್ಕೆ ಬಿಡುತ್ತಾರೆ. ಅಂಚೆಯವನು ವಿಳಾಸವನ್ನೋದಿ ಕಾಗದವನ್ನು ಕೊಡುವಂತೆ, ಪ್ರತಿಕಾಯವು ಗುರುತಿದ್ದ ಕಣದೊಳಗೆ ವಿಷವನ್ನು ಮುಟ್ಟಿಸುತ್ತದೆ. ಇನೊಟುಜುಮ್ಯಾಬ್ ಓಜೋಗಮೈಸಿನ್ ಇಂತಹ ಔಷಧ. ಇದರ ವಿಷವಾದ ಕ್ಯಾಲಿಕಿಯಾಮೈಸಿನ್ ದೊರೆತುದು ಟೆಕ್ಸಾಸಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ. ಇದು ಕಣದ ಡಿಎನ್‌ಎಯನ್ನೇ ಕಡಿಯುತ್ತದೆ. ಅಮೆರಿಕದಲ್ಲಿ ಇದಕ್ಕೆ 2017ರಲ್ಲಿ ವಯಸ್ಕರಿಗಾಗಿಯೂ, 2024ರಲ್ಲಿ ಒಂದು ವರ್ಷ ತುಂಬಿದ ಮಕ್ಕಳಿಗಾಗಿಯೂ ಅನುಮತಿ ದೊರೆಯಿತು. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನೂರರಲ್ಲಿ ಸುಮಾರು 80 ಮಂದಿಗೆ ರೋಗವು ಅಡಗಿತು. ರೂಢಿಯ ಔಷಧಗಳನ್ನು ಪಡೆದವರಲ್ಲಿ ಸುಮಾರು 30 ಮಂದಿಗೆ ಮಾತ್ರ.

ಆದರೆ ಅಡಗುವುದೇ ಗುಣವಲ್ಲ. ಆ ಬಿಡುವಿನಲ್ಲಿ ಅನೇಕರಿಗೆ ಅಸ್ಥಿಮಜ್ಜೆಯ ಕಸಿಯನ್ನು ಮಾಡಬೇಕಾಗುತ್ತದೆ. ಯಕೃತ್ತಿಗೆ ಕಠಿನವಾದ ಬಾಧೆಯೂ ಬರಬಹುದು.

ವಿಳಾಸವನ್ನು ಹಿಡಿದು ಹೋಗುವ ಈ ಉಪಾಯವೇ ಬೇರೊಂದು ರೂಪದಲ್ಲಿ ನಮ್ಮ ನೆರೆಗೂ ಬಂದಿದೆ. ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿದರೆ ಸಿಗುವ ಬೊಮ್ಮಸಂದ್ರದಲ್ಲಿ ಇಮ್ಯುನೀಲ್ ಎಂಬ ಸಂಸ್ಥೆಯು ವಿಷಕ್ಕೆ ಬದಲಾಗಿ ರೋಗಿಯ ಸ್ವಂತ ಬಿಳಿಯ ರಕ್ತಕಣಗಳಿಗೇ ಗುರಿಯನ್ನು ಕಲಿಸುತ್ತದೆ. 2025ರ ಜನವರಿಯಲ್ಲಿ ಅದು ಹೊರತಂದ ಚಿಕಿತ್ಸೆಯು ಲಿಂಫೋಮಾ ಎಂಬ ಅರ್ಬುದಕ್ಕಾಗಿ.

ಗೃಹಸ್ಥರಲ್ಲಿ ನಮ್ಮ ಬಿನ್ನಹವೆರಡು. ಗುಲಗಂಜಿಯನ್ನಾಗಲಿ ಹರಳುಬೀಜವನ್ನಾಗಲಿ ಅರೆದು ಮದ್ದೆಂದು ಯಾರಿಗೂ ಕೊಡಕೂಡದು. ವಿಳಾಸವಿಲ್ಲದ ವಿಷವು ಮನೆಯವರನ್ನೇ ಕೊಲ್ಲುವುದು. ಮನೆಯಲ್ಲಿ ಯಾರಿಗಾದರೂ ಈ ರೋಗವು ಮರುಕಳಿಸಿದರೆ, ರೋಗದ ಕಣಗಳ ಮೇಲೆ ಯಾವ ಗುರುತುಗಳಿವೆಯೆಂದು ವೈದ್ಯರನ್ನು ತಪ್ಪದೆ ಕೇಳಬೇಕು. ಮುಂದಿನ ಚಿಕಿತ್ಸೆಯ ಬಾಗಿಲು ಅನೇಕ ವೇಳೆ ಆ ಒಂದು ಉತ್ತರದಿಂದಲೇ ತೆರೆಯುವುದು.