ಜಮೀನು, ಮನೆ ಬರೆಸುವ ಮುನ್ನ ವಕೀಲರಿಗೆ ತೋರಿಸಿ



ಬೇಬಿ ಬೆಟ್ಟದ ಜಾತ್ರೆಯಲ್ಲಾಗಲಿ ಹೇಮಗಿರಿಯ ಜಾತ್ರೆಯಲ್ಲಾಗಲಿ ಎತ್ತು ಕೊಳ್ಳುವಾಗ ನೀವು ಮಾಡುವ ಪರೀಕ್ಷೆ ಸಾಮಾನ್ಯವಾದುದಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತೀರಿ. ಅಷ್ಟು ಸಾಲದೆಂದು ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುತ್ತೀರಿ. ಎತ್ತಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆಯ ಗದ್ದೆಯನ್ನೋ ಮನೆಯನ್ನೋ ಕೊಳ್ಳುವಾಗ ಮಾತ್ರ, ಪಹಣಿಯ ಒಂದು ಹಾಳೆ ನೋಡಿ ಮುಂಗಡ ಕೊಟ್ಟುಬಿಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಕಿರಂಗೂರಿನಂತಹ ಊರಿನವರು ಈ ವಿಷಯದಲ್ಲಿ ಹೆಚ್ಚು ಎಚ್ಚರವಾಗಿರಬೇಕು. 2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಪೇಟೆಯವರು ಕಾರು ನಿಲ್ಲಿಸಿ ಗದ್ದೆಯ ಬೆಲೆ ಕೇಳುವುದು ಈಗ ಯಾರಿಗೂ ಹೊಸದಲ್ಲ. ಬೆಲೆ ಬಂದ ಭೂಮಿಗೆ ಬಾಧ್ಯಸ್ಥರೂ ಬರುತ್ತಾರೆ. ಎಂದೋ ಮರೆತಿದ್ದ ದಾಯಾದಿ ಜಗಳಗಳು ಎದ್ದು ಕೂರುತ್ತವೆ.

ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಸ್ವತ್ತಿನ ಕ್ರಯವನ್ನು ರಿಜಿಸ್ಟರ್ ಮಾಡಿಸಲೇಬೇಕೆಂದು ಕಾನೂನು ಹೇಳುತ್ತದೆ. ಇದನ್ನು ಎಲ್ಲರೂ ಬಲ್ಲರು. ಆದರೆ ರಿಜಿಸ್ಟರ್ ಆದೊಡನೆ ಸ್ವತ್ತಿಗೆ ಸರ್ಕಾರದ ಜಾಮೀನು ಸಿಕ್ಕಿತೆಂದು ತಿಳಿಯುವುದು ತಪ್ಪು. ಪತ್ರಬರಹಗಾರರು ನೀವು ಹೇಳಿದ್ದನ್ನು ಕ್ರಮವಾಗಿ ಬರೆದು ಕೊನೆಯಲ್ಲಿ ತಮ್ಮ ಬಿಕ್ಕಲಂ ಹಾಕುತ್ತಾರೆ. ಅವರಲ್ಲಿ ಅನುಭವಸ್ಥರು ಅನೇಕರಿದ್ದಾರೆ, ಅವರ ಕೆಲಸವೂ ಅಗತ್ಯವಾದದ್ದೇ. ಸಬ್‌ರಿಜಿಸ್ಟ್ರಾರರು ಬಂದವರ ಗುರುತು ನೋಡಿ, ಶುಲ್ಕ ಪಾವತಿಯಾಗಿದೆಯೇ ಎಂದು ನೋಡಿ ಪತ್ರವನ್ನು ದಾಖಲು ಮಾಡುತ್ತಾರೆ. ಮಾರುವವನಿಗೆ ಮಾರುವ ಹಕ್ಕು ಇದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ರಿಜಿಸ್ಟ್ರಾರರ ಅಧಿಕಾರದಲ್ಲಿ ಇಲ್ಲವೆಂದು ಸುಪ್ರೀಂ ಕೋರ್ಟು 2025ರಲ್ಲಿ ಸ್ಪಷ್ಟವಾಗಿ ಹೇಳಿತು. ಹಾಗಾದರೆ ಆ ಹಕ್ಕನ್ನು ನೋಡುವವರು ಯಾರು? ನೀವೇ ಗೊತ್ತುಮಾಡಿಕೊಂಡ ವಕೀಲರು. ಅವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಇಂಗ್ಲೆಂಡಿನಲ್ಲಿ ರಿಜಿಸ್ಟರಾದ ಹಕ್ಕಿಗೆ ಸರ್ಕಾರವೇ ಹೊಣೆ. ಆದರೂ ಅಲ್ಲಿ ಮನೆ ಕೊಳ್ಳುವವರು ಸಾಲಿಸಿಟರ್ ಎಂಬ ವಕೀಲರೊಬ್ಬರನ್ನು ಹಿಡಿಯುತ್ತಾರೆ, ಮಾರುವವರು ತಮ್ಮ ಕಡೆಗೆ ಮತ್ತೊಬ್ಬರನ್ನು. ಸರ್ಕಾರದ ಹೊಣೆಯೇ ಇಲ್ಲದ ನಮ್ಮಲ್ಲಿ ಇದು ಎಷ್ಟು ಹೆಚ್ಚು ಬೇಕೆಂಬುದನ್ನು ನೀವೇ ಊಹಿಸಿಕೊಳ್ಳಿ.

ವಕೀಲರು ಮೊದಲು ಕೇಳುವುದು ಮೂಲಪತ್ರವನ್ನು. ಈ ಸ್ವತ್ತು ಮಾರುವವನಿಗೆ ಹೇಗೆ ಬಂತು, ಅವನಿಗೆ ಕೊಟ್ಟವನಿಗೆ ಹೇಗೆ ಬಂತು ಎಂಬ ಸರಪಣಿ ಎಲ್ಲಿಯೂ ಕಡಿದಿರಬಾರದು. ಪಹಣಿಯಲ್ಲಿ 9ನೆಯ ಕಲಮಿನ ಹೆಸರನ್ನು ನೋಡಿ ನಾವು ತೃಪ್ತರಾಗುತ್ತೇವೆ. ಅವರು 10 ಮತ್ತು 11ನೆಯ ಕಲಮುಗಳನ್ನೂ ಓದುತ್ತಾರೆ. ಹಕ್ಕು ಬಂದ ಬಗೆ ಒಂದರಲ್ಲಿ, ಸೊಸೈಟಿ ಅಥವಾ ಬ್ಯಾಂಕಿನ ಸಾಲ ಮತ್ತು ಇತರ ಹಕ್ಕುಗಳು ಇನ್ನೊಂದರಲ್ಲಿ ಇರುತ್ತವೆ. ಪಹಣಿ ಕಂದಾಯದ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಋಣಭಾರ ಪತ್ರವನ್ನು ಈಚಿನ ನಾಲ್ಕೈದು ವರ್ಷಕ್ಕೆ ತೆಗೆಸಿದರೆ ಸಾಲದು, 30 ವರ್ಷಕ್ಕಾದರೂ ತೆಗೆಸಬೇಕು. ರಿಜಿಸ್ಟರಾಗದ ಉಯಿಲು, ಬಾಯಿಮಾತಿನ ಪಾಲು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ, ಇವು ಆ ಪತ್ರದಲ್ಲಿ ಕಾಣದೆ ಉಳಿಯಬಹುದು. ಅದಕ್ಕಾಗಿ ಊರಿನಲ್ಲಿಯೂ ಕೋರ್ಟಿನಲ್ಲಿಯೂ ವಿಚಾರಿಸಬೇಕು.

ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಇನ್ನೂ ತಾತ್ಸಾರವಿದೆ. "ಮದುವೆ ಮಾಡಿ ಕಳಿಸಿದ್ದೇವೆ, ಅವರ ರುಜು ಯಾಕೆ?" ಎಂದು ಮಾರುವವರು ಹೇಳುತ್ತಾರೆ, ಕೊಳ್ಳುವವರೂ ತಲೆಯಾಡಿಸುತ್ತಾರೆ. ಪಿತ್ರಾರ್ಜಿತ ಸ್ವತ್ತಿನಲ್ಲಿ ಹಿಂದೂ ಕುಟುಂಬದ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ತೀರ್ಪಿತ್ತಿತು. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬ ಅಕ್ಕತಂಗಿಯ ಹೆಸರನ್ನೂ ವಕೀಲರ ಮುಂದಿಡಿ. ರುಜು ಬೇಡವೆಂದು ಹೇಳತಕ್ಕವರು ಅವರೇ ಹೊರತು ಮಧ್ಯವರ್ತಿಯಲ್ಲ.

ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ವಿಷಯವಂತೂ ಇನ್ನೂ ನಾಜೂಕು. 1978ರ ಕಾಯಿದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಪರಭಾರೆ ಮಾಡಿದರೆ ಆ ಕ್ರಯ ನಿಲ್ಲುವುದಿಲ್ಲ. ಎಷ್ಟೋ ವರ್ಷ ಕಳೆದಿದೆ, ಇನ್ನು ಯಾರು ಕೇಳುತ್ತಾರೆ ಎನ್ನುವಂತೆಯೂ ಇಲ್ಲ. ಜಮೀನು ವಾಪಸು ಕೇಳುವ ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯಾಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನ ಇಂತಹ ಅರ್ಜಿಗಳು ಪಾಂಡವಪುರದ ಉಪವಿಭಾಗಾಧಿಕಾರಿಗಳ ಮುಂದೆ ಬರುತ್ತವೆ. ಮಂಜೂರಾತಿಯ ಜಮೀನು ಎಂದು ತಿಳಿದೊಡನೆ ಮುಂಗಡ ಕೊಡುವುದನ್ನು ನಿಲ್ಲಿಸಿ.

ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಆಗಿರಬೇಕು. ಊರೊಳಗಿನ ಮನೆಯಾದರೆ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ, ಚೆಕ್ಕುಬಂದಿಯನ್ನು ಸ್ಥಳದಲ್ಲೇ ನಿಂತು ಹೋಲಿಸಿ ನೋಡಿ.

ಇನ್ನು ಸಾಲದ ಮಾತು. ಮನೆಗಳು ಮುಳುಗುವುದು ಹೆಚ್ಚಾಗಿ ಇಲ್ಲಿಯೇ. ಮಗಳ ಮದುವೆಗೆ ಒಬ್ಬ ರೈತನಿಗೆ 4 ಲಕ್ಷ ರೂಪಾಯಿ ಬೇಕೆನ್ನಿ. ಸಾಹುಕಾರನು, "ಅಡಮಾನ ಗಿಡಮಾನ ಬೇಡ, ಶುದ್ಧ ಕ್ರಯ ಮಾಡಿಕೊಡು. ಹಣ ತಂದುಕೊಟ್ಟ ದಿನ ತಿರುಗಿ ಬರೆದುಕೊಡುತ್ತೇನೆ" ಎನ್ನುತ್ತಾನೆ. ಹೆಚ್ಚೆಂದರೆ ಬೇರೊಂದು ಛಾಪಾ ಕಾಗದದ ಮೇಲೆ ಆ ಮಾತನ್ನು ಬರೆದುಕೊಡುತ್ತಾನೆ. ರೈತನ ಮನಸ್ಸಿನಲ್ಲಿ ಅದು ಸಾಲ. ದಾಖಲೆಯಲ್ಲಿ ಅದು ಮಾರಾಟ. ತಿರುಗಿ ಕೊಡುವ ಷರತ್ತು ಆ ಕ್ರಯಪತ್ರದಲ್ಲಿಯೇ ಬರೆದಿಲ್ಲದಿದ್ದರೆ ಅದನ್ನು ಅಡಮಾನವೆಂದು ಎಣಿಸತಕ್ಕದ್ದಲ್ಲವೆಂದು ಸ್ವತ್ತು ವರ್ಗಾವಣೆ ಕಾಯಿದೆಗೆ 1929ರಲ್ಲಿಯೇ ತಿದ್ದುಪಡಿ ಸೇರಿದೆ. ಇದರ ಪರಿಣಾಮ ನೋಡಿ. ಅಡಮಾನವಾಗಿದ್ದರೆ ಬಿಡಿಸಿಕೊಳ್ಳುವ ದಾವೆಗೆ 1963ರ ಕಾಲಮಿತಿ ಕಾಯಿದೆ 30 ವರ್ಷದ ಅವಕಾಶ ಕೊಡುತ್ತದೆ. ಬೇರೆ ಕಾಗದದ ಕರಾರಾಗಿದ್ದರೆ ಅದರ ಮೇಲಿನ ದಾವೆಗೆ ಇರುವುದು 3 ವರ್ಷ, ಅದರಲ್ಲಿಯೂ ಕರಾರಿನಲ್ಲಿ ಹೇಳಿದ ವಾಯಿದೆ ತಪ್ಪಿದರೆ ಕೋರ್ಟುಗಳು ಬಿಗಿಯಾಗಿರುತ್ತವೆ. ಬರೀ ಬಾಯಿಮಾತಾಗಿದ್ದರೆ ರಿಜಿಸ್ಟರಾದ ಪತ್ರದ ಮುಂದೆ ಅದನ್ನು ನಿಲ್ಲಿಸುವುದು ಬಲು ಕಷ್ಟ. ಒಂದೇ ಹಣ, ಒಂದೇ ಗದ್ದೆ. ಬರೆದ ಬಗೆಯಿಂದಲೇ ಇಷ್ಟು ಅಂತರ! ಸಾಲಕ್ಕೆ ಸಾಲದ ಪತ್ರವನ್ನೇ ಬರೆಸಿ. ಆಧಾರವೆನ್ನಿ, ಭೋಗ್ಯವೆನ್ನಿ, ಹೆಸರು ಸರಿಯಾಗಿರಲಿ. ಹಣದ ಅವಸರ ಎಷ್ಟೇ ಇದ್ದರೂ ರುಜು ಹಾಕುವ ಮುನ್ನ ಕರಡನ್ನು ಒಂದು ದಿನ ವಕೀಲರ ಕೈಯಲ್ಲಿಡಿ. ಸಾಹುಕಾರ ಅದಕ್ಕೆ ಒಪ್ಪದಿದ್ದರೆ ಅವನ ಮನಸ್ಸಿನಲ್ಲೇನಿದೆ ಎಂಬುದು ಗೊತ್ತಾದಂತೆಯೇ.

ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡು ಸೈಟು ಕೊಂಡೆವೆನ್ನುವವರೂ ಉಂಟು. ಅದರಿಂದ ಸ್ವತ್ತಿನ ಹಕ್ಕು ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ.

ಒಂದು ಬ್ಯಾಂಕಿನ ಸಾಲ ತೀರಿಸಿ ಇನ್ನೊಂದರಲ್ಲಿ ಮನೆ ಅಡವಿಡುವವರು ಹಳೆಯ ಬ್ಯಾಂಕಿನಿಂದ ತೀರುವಳಿ ಪತ್ರವನ್ನೂ ಅಸಲು ದಾಖಲೆಗಳನ್ನೂ ಬಿಡದೆ ಪಡೆಯಬೇಕು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅಸಲು ಪತ್ರಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನವರು ನೇಮಿಸಿದ ವಕೀಲರು ನೋಡಿದ್ದಾರಲ್ಲ ಎಂದು ಸುಮ್ಮನಾಗಬೇಡಿ. ಅವರು ನೋಡುವುದು ಬ್ಯಾಂಕಿನ ಹಣ ಭದ್ರವೇ ಎಂದು.

ಇದೇ ಕಾರಣದಿಂದ, ಮಾರುವವರ ವಕೀಲರನ್ನೇ ಕೊಳ್ಳುವವರೂ ಹಿಡಿಯುವುದು, ಮಧ್ಯವರ್ತಿ ತೋರಿಸಿದವರ ಬಳಿಗೆ ಹೋಗುವುದು ಒಳ್ಳೆಯದಲ್ಲ. ನಿಮ್ಮ ವಕೀಲರು ನಿಮಗೇ ಬೇರೆಯಾಗಿರಲಿ. ಫೀಜು ಎಷ್ಟೆಂದು ಮೊದಲೇ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕಾಗದಗಳ ಜೆರಾಕ್ಸ್ ಕೊಟ್ಟು ಅಸಲನ್ನು ತೋರಿಸಿ ಮಾತ್ರ ತನ್ನಿ. ಅವರ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆಯಿರಿ. ಇದೆಲ್ಲ ಮುಂಗಡ ಕೊಡುವುದಕ್ಕಿಂತ ಮೊದಲು ಆಗಬೇಕು. ಕೊಟ್ಟ ಮೇಲೆ ಮಾಡಿದರೆ ಅದು ಪರೀಕ್ಷೆಯಲ್ಲ, ಪಶ್ಚಾತ್ತಾಪ. ಮಾರುವವರೂ ಅಷ್ಟೇ: ಬಾಕಿ ಹಣ ಕೈಸೇರುವ ಮುನ್ನ ಸ್ವಾಧೀನ ಬಿಟ್ಟುಕೊಡುವ ಮಾತು ಕರಾರಿನಲ್ಲಿ ಸೇರಿದೆಯೇ ಎಂದು ಓದಿಸಿ ಕೇಳಿ, ಖಾಲಿ ಜಾಗವಿರುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ.

ಫೀಜಿಗೆ ಅನುಕೂಲವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಹೆಂಗಸರಿಗೂ ಪರಿಶಿಷ್ಟ ಜಾತಿ, ವರ್ಗದವರಿಗೂ ವರಮಾನ ನೋಡದೆ ಉಚಿತ ಕಾನೂನು ನೆರವು ಉಂಟು. ಉಳಿದವರಲ್ಲಿ ಹೆಚ್ಚಿನವರಿಗೆ ವರಮಾನದ ಮಿತಿ ಇದೆ. 15100 ಎಂಬ ನಂಬರಿಗೆ ಫೋನು ಮಾಡಿಯೂ ಕೇಳಬಹುದು.

ರಿಜಿಸ್ಟರಾದ ದಿನ ಊಟ ಹಾಕಿಸಿ ಮನೆಗೆ ಬಂದರೆ ಕೆಲಸ ಮುಗಿಯಲಿಲ್ಲ. ಖಾತೆ ಬದಲಾವಣೆ ಆಯಿತೇ ಎಂದು ವಿಚಾರಿಸಿ, ಹೊಸ ಪಹಣಿ ತೆಗೆಸಿ, 9ನೆಯ ಕಲಮಿನಲ್ಲಿ ನಿಮ್ಮ ಹೆಸರೂ ಎಕರೆ ಗುಂಟೆಯೂ ಸರಿಯಾಗಿ ಬಂದಿವೆಯೇ ಎಂದು ಓದಬಲ್ಲ ಮಕ್ಕಳಿಂದ ಓದಿಸಿ ನೋಡಿ. ಅಕ್ಷರ ತಪ್ಪಿದ್ದರೆ ಆ ವಾರವೇ ತಿದ್ದುಪಡಿಗೆ ಅರ್ಜಿ ಕೊಡಿ.