ಕೂಡು ಬಂಡವಾಳದ ಅಂಗಡಿ

ಹನಿಗೂಡಿದರೆ ಹಳ್ಳವೆಂಬುದು ನಮ್ಮ ಹಿರಿಯರ ಮಾತು. ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ನಾಲ್ಕು ಕನ್ನಡ ಮನೆಗಳವರು ಸೇರಿದಾಗ, ತಲಾ ಇಷ್ಟು ಹಾಕಿ ಒಂದು ಅಂಗಡಿ ತೆರೆಯೋಣವೆಂಬ ಆಲೋಚನೆ ಹುಟ್ಟುವುದು ಸಹಜವೇ.

ಅದು ಆಗದ ಕೆಲಸವಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 1844ರಲ್ಲಿ 28 ಮಂದಿ ತಲಾ ಒಂದು ಪೌಂಡು ಕೂಡಿಸಿ ಹಿಟ್ಟು, ಬೆಣ್ಣೆ, ಸಕ್ಕರೆಯ ಅಂಗಡಿಯಿಟ್ಟರು. ನಮ್ಮ ಈ ಎರಡು ಊರುಗಳೂ ಮದರಾಸು ಪ್ರಾಂತದಲ್ಲಿದ್ದ ಕಾಲಕ್ಕೆ, 1904ರಲ್ಲಿ, ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿಯೂ ಅಂತಹುದೇ ಸಹಕಾರಿ ಭಂಡಾರ ಹುಟ್ಟಿತು. ಅಲ್ಲಿ ಹಣ ಹಾಕಿದವರೇ ಒಡೆಯರು, ಅವರೇ ಗಿರಾಕಿಗಳು.

ಆದರೆ ಷೇರು ಬೇರೆ, ಠೇವಣಿ ಬೇರೆ. ಷೇರುದಾರನಿಗೆ ಲಾಭದಲ್ಲಿ ಪಾಲುಂಟು, ಲೆಕ್ಕ ಕೇಳುವ ಹಕ್ಕುಂಟು. ನಷ್ಟವಾದರೆ ಹಾಕಿದ ಹಣ ಹೋಗಲೂಬಹುದು. ಅನುಮತಿಯಿಲ್ಲದೆ, ಬಡ್ಡಿಯ ಆಸೆ ತೋರಿಸಿ ಜನರಿಂದ ಠೇವಣಿಯೆತ್ತುವ ಯೋಜನೆಗಳನ್ನು 2019ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಖಾಸಗಿ ಕಂಪನಿ ಮಾಡಿದರೂ ಸದಸ್ಯರು 200ನ್ನು ಮೀರಕೂಡದು. ಷೇರು ಕೊಳ್ಳಿರೆಂದು ಸಾರ್ವಜನಿಕರನ್ನು ಕರೆಯಕೂಡದು. ವಿಜಯವಾಡದ ಅಗ್ರಿಗೋಲ್ಡ್ ಸಂಸ್ಥೆಯಲ್ಲಿ ಹಣವಿಟ್ಟು ಕೆಟ್ಟ ಸಣ್ಣ ಠೇವಣಿದಾರರಿಗೆ 2019ರಲ್ಲಿಯೂ 2021ರಲ್ಲಿಯೂ ಆಂಧ್ರ ಸರ್ಕಾರವೇ ಹಣ ಕೊಡಬೇಕಾಯಿತು.

ಆದುದರಿಂದ ಮೊದಲು ನೋಂದಣಿಯಾಗಲಿ. ಕೊಟ್ಟ ಹಣಕ್ಕೆ ರಸೀತಿ ಇರಲಿ. ವರ್ಷಕ್ಕೊಮ್ಮೆ ಎಲ್ಲರೆದುರು ಲೆಕ್ಕ ಓದಲಿ. ಹೋದರೂ ಮನೆಯ ಒಲೆ ಆರದಷ್ಟನ್ನೇ ಹಾಕಿರೆಂದು ನಮ್ಮ ಬಿನ್ನಹ. ಪರಊರಿನಲ್ಲಿ ಅಂಗಡಿ ಮುಚ್ಚಿದರೆ ಇನ್ನೊಂದನ್ನು ತೆರೆಯಬಹುದು; ನಮ್ಮ ನಮ್ಮೊಳಗಿನ ನಂಬಿಕೆ ಕೆಟ್ಟರೆ ಮತ್ತೆ ಕೂಡಿಸುವುದು ಕಷ್ಟ.