ಲೆಕ್ಕಕ್ಕಿಂತ ಮೊದಲು ಕರಾರುಪತ್ರ: ಕಾರ್ಪೊರೇಟ್ ತೆರಿಗೆ ಕಚೇರಿಯಲ್ಲಿ ವಿದ್ಯಾರ್ಥಿನಿಯ ಆರು ವಾರ

ಬೆಂಗಳೂರು: ವಾಣಿಜ್ಯ ಪದವಿ ವಿದ್ಯಾರ್ಥಿಗಳ ಪಾಲಿಗೆ ಕಾರ್ಪೊರೇಟ್ ತೆರಿಗೆ ಎಂದರೆ ಬಹುಮಟ್ಟಿಗೆ ದರಗಳ ಪಟ್ಟಿ. 2019ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ರಿಯಾಯಿತಿ ಪದ್ಧತಿಯನ್ನು ಆಯ್ದುಕೊಂಡ ದೇಶೀಯ ಕಂಪನಿಗೆ ಶೇ. 22ರ ಮೂಲ ದರ, ಆ ತೆರಿಗೆಯ ಮೇಲೆ ಶೇ. 10 ಸರ್‌ಚಾರ್ಜ್, ಎರಡೂ ಸೇರಿದ ಮೊತ್ತದ ಮೇಲೆ ಶೇ. 4 ಸೆಸ್, ಒಟ್ಟು ಶೇ. 25.168. ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಐದು ನಿಮಿಷವೂ ಬೇಡ. ಆದರೆ ಬೇಸಿಗೆ ರಜೆಯಲ್ಲಿ ಇಂಟರ್ನ್‌ಶಿಪ್‌ಗೆಂದು ತೆರಿಗೆ ಕಚೇರಿಯ ಮೆಟ್ಟಿಲು ಹತ್ತಿದವರನ್ನು ಅಲ್ಲಿ ದರದ ಬಗ್ಗೆ ಯಾರೂ ಕೇಳುವುದಿಲ್ಲ. ದರ ಗಣಕಯಂತ್ರದಲ್ಲಿಯೇ ಇರುತ್ತದೆ. ಕೇಳುವ ಪ್ರಶ್ನೆ ಒಂದೇ: ಈ ಹಣವನ್ನು ಕೊಟ್ಟಿದ್ದು ಯಾವುದಕ್ಕಾಗಿ?

ನಗರದ ತೆರಿಗೆ ಸಲಹಾ ಕಚೇರಿಯೊಂದರಲ್ಲಿ 2025ರ ಮೇ–ಜೂನ್ ತಿಂಗಳಲ್ಲಿ ಆರು ವಾರ ಕೆಲಸ ಮಾಡಿದ ದಾವಣಗೆರೆ ಮೂಲದ ಬಿ.ಕಾಂ. ವಿದ್ಯಾರ್ಥಿನಿಯೊಬ್ಬರಿಗೆ ಎದುರಾದದ್ದೂ ಇದೇ ಪ್ರಶ್ನೆ. ಮೊದಲ ವಾರ ಅವರಿಗೆ ವಹಿಸಿದ್ದು ಪ್ಯಾನ್ ಸಂಖ್ಯೆಗಳನ್ನು ತಾಳೆ ನೋಡುವ ಕೆಲಸ. ಬೇಸರ ತರಿಸುವ ಕೆಲಸವೆಂದು ತೋರಿದರೂ ಇದರ ಹಿಂದೆ ತರ್ಕವಿದೆ. ಪ್ಯಾನ್‌ನ ಹತ್ತು ಸ್ಥಾನಗಳಲ್ಲಿ ನಾಲ್ಕನೆಯ ಅಕ್ಷರ ಅದರ ಒಡೆಯ ಯಾರೆಂಬುದನ್ನು ಹೇಳುತ್ತದೆ. ‘ಪಿ’ ಇದ್ದರೆ ವ್ಯಕ್ತಿ, ‘ಸಿ’ ಇದ್ದರೆ ಕಂಪನಿ, ‘ಎಫ್’ ಇದ್ದರೆ ಪಾಲುದಾರಿಕೆ ಸಂಸ್ಥೆ. ಗುತ್ತಿಗೆ ಕೆಲಸಕ್ಕೆ ಹಣ ಕೊಡುವಾಗ ಮೂಲದಲ್ಲಿಯೇ ಕಡಿತ ಮಾಡಬೇಕಾದ ತೆರಿಗೆ, ಅಂದರೆ ಟಿಡಿಎಸ್, ವ್ಯಕ್ತಿಗಾದರೆ ಶೇ. 1, ಕಂಪನಿಗಾದರೆ ಶೇ. 2. ಒಂದಕ್ಷರ ತಪ್ಪಿದರೆ ಕಡಿತವೇ ತಪ್ಪುತ್ತದೆ.

ಹೆಸರಿನಲ್ಲಿ ಏನಿದೆ?

ನಿಜವಾದ ಪಾಠ ಶುರುವಾಗುವುದು ಬಿಲ್ಲುಗಳ ಕಟ್ಟಿನಿಂದ. ಉದಾಹರಣೆಗೆ, ಕಂಪನಿಯೊಂದು ಇನ್ನೊಂದು ಕಂಪನಿಗೆ 10 ಲಕ್ಷ ರೂಪಾಯಿ ಪಾವತಿಸಿದೆ, ಬಿಲ್ಲಿನಲ್ಲಿ ‘ಸೇವಾ ಶುಲ್ಕ’ ಎಂದಷ್ಟೇ ಇದೆ ಎಂದುಕೊಳ್ಳೋಣ. ಅದು ಗುತ್ತಿಗೆ ಕೆಲಸವಾದರೆ 1961ರ ಆದಾಯ ತೆರಿಗೆ ಕಾಯ್ದೆಯ 194ಸಿ ಸೆಕ್ಷನ್ ಅಡಿ ಶೇ. 2ರಂತೆ 20 ಸಾವಿರ ರೂಪಾಯಿ ಕಡಿತವಾಗಬೇಕು. ವೃತ್ತಿಪರರ ಸಲಹೆಯಾದರೆ 194ಜೆ ಅಡಿ ಶೇ. 10, ಅಂದರೆ ಒಂದು ಲಕ್ಷ ರೂಪಾಯಿ. ಬಿಲ್ಲು ನೋಡಿ ಇದನ್ನು ನಿರ್ಧರಿಸಲಾಗದು, ಕರಾರುಪತ್ರವನ್ನೇ ಓದಬೇಕು. ಕಡಿಮೆ ಕಡಿತವಾದರೆ ಆ ಕೊರತೆಯ ಮೇಲೆ ತಿಂಗಳಿಗೆ ಶೇ. 1ರ ಬಡ್ಡಿ. ದೇಶದೊಳಗಿನವರಿಗೆ ಪಾವತಿಸುವಾಗ ಕಡಿತವನ್ನೇ ಮಾಡದಿದ್ದರೆ ಆ ಖರ್ಚಿನ ಶೇ. 30ರಷ್ಟು ಭಾಗವನ್ನು ಲಾಭದ ಲೆಕ್ಕದಲ್ಲಿ ಖರ್ಚೆಂದು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಕಾನೂನು ಓದಿಸುತ್ತಾರೆ, ಲೆಕ್ಕ ಬಿಡಿಸಲು ಕಲಿಸುತ್ತಾರೆ. ನಲವತ್ತು ಪುಟದ ಕರಾರನ್ನು ಎದುರಿಗಿಟ್ಟು ಇದೇನೆಂದು ಹೇಳಿ ಎನ್ನುವುದು ಮಾತ್ರ ತೀರಾ ಅಪರೂಪ. ಆ ವಿದ್ಯಾರ್ಥಿನಿಗೆ ಮೊದಲ ಕರಾರನ್ನು ಓದಿ ಮುಗಿಸಲು ಎರಡು ದಿನ ಬೇಕಾಯಿತು.

ಹಣದ ‘ಹೆಸರು’ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೆಂಗಳೂರಿನದೇ ಪ್ರಕರಣವಿದೆ. ನಗರದ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಸಂಸ್ಥೆಯು ಅಮೆರಿಕದಿಂದ ಸಾಫ್ಟ್‌ವೇರ್ ತರಿಸಿಕೊಂಡಿತ್ತು. ವಿದೇಶಿ ಮಾರಾಟಗಾರರಿಗೆ ಕೊಟ್ಟ ಹಣ ಸರಕಿನ ಬೆಲೆಯೋ, ಕೃತಿಸ್ವಾಮ್ಯಕ್ಕೆ ತೆತ್ತ ರಾಯಧನವೋ? ರಾಯಧನವಾದರೆ ಟಿಡಿಎಸ್ ಕಡಿತ ಮಾಡಬೇಕು. ಇಂತಹ ಪಾವತಿಗಳು ರಾಯಧನವೇ ಎಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ಸ್ಯಾಮ್ಸಂಗ್ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಹೇಳಿತ್ತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಆ ನಿಲುವನ್ನು ತಳ್ಳಿಹಾಕಿತು. ಪುಸ್ತಕ ಕೊಂಡವನಿಗೆ ಅದನ್ನು ಓದುವ ಹಕ್ಕಿದೆಯೇ ಹೊರತು ಅಚ್ಚು ಹಾಕಿಸಿ ಮಾರುವ ಹಕ್ಕಿಲ್ಲ. ಬಳಕೆಯ ಪರವಾನಗಿಯಷ್ಟೇ ಪಡೆದ ಸಾಫ್ಟ್‌ವೇರ್ ಕೂಡ ಹೆಚ್ಚು ಕಡಿಮೆ ಹಾಗೆಯೇ ಎಂಬುದು ಆ ತೀರ್ಪಿನ ಸಾರ. 2001ರ ಆಸುಪಾಸಿನ ಖರೀದಿಗೆ ಉತ್ತರ ದೊರೆತದ್ದು ಎರಡು ದಶಕಗಳ ನಂತರ. ಐ.ಟಿ. ನಗರಿಯ ತೆರಿಗೆ ಕಚೇರಿಗಳಲ್ಲಿ ತರಬೇತಿಗೆ ಬಂದವರಿಗೆ ಓದಲು ಕೊಡಬೇಕಾದ ತೀರ್ಪು ಇದ್ದರೆ ಅದು ಇದೇ.

ಇನ್ನು ಫಾರಂ 26ಎಎಸ್. ಕಂಪನಿಗೆ ಹಣ ಕೊಟ್ಟವರು ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಿದ ತೆರಿಗೆಯ ವಿವರ ಇದರಲ್ಲಿರುತ್ತದೆ. ಇದು ಕಂಪನಿಯ ಪುಸ್ತಕದೊಂದಿಗೆ ಸುಲಭಕ್ಕೆ ಹೊಂದುವುದಿಲ್ಲ. ಮಾರ್ಚ್‌ನಲ್ಲಿ ಕಳುಹಿಸಿದ ಬಿಲ್ಲನ್ನು ಗ್ರಾಹಕ ಏಪ್ರಿಲ್‌ನಲ್ಲಿ ದಾಖಲಿಸಿಕೊಂಡರೆ ಆದಾಯ ಒಂದು ವರ್ಷಕ್ಕೆ, ತೆರಿಗೆ ಇನ್ನೊಂದು ವರ್ಷಕ್ಕೆ. ಜಿ.ಎಸ್.ಟಿ. ಸೇರಿಸಿ ಕಡಿತ ಮಾಡಿದವರು, ಬೇರೆ ಯಾರದೋ ಪ್ಯಾನ್ ನಮೂದಿಸಿದವರು, ಕಡಿತ ಮಾಡಿಯೂ ಸರ್ಕಾರಕ್ಕೆ ಕಟ್ಟದವರು, ಹೀಗೆ ಕಾರಣಗಳು ಹಲವು. ಸಾಲುಗಳನ್ನು ಹೊಂದಿಸುವ ಕೆಲಸವನ್ನು ಈಗ ತಂತ್ರಾಂಶವೇ ಬಹುಪಾಲು ಮಾಡುತ್ತದೆ. ಹೊಂದದೇ ಉಳಿದ ಸಾಲುಗಳು ಮಾತ್ರ ಇಂಟರ್ನ್‌ಗಳ ಪಾಲು. ಗ್ರಾಹಕ ಕಂಪನಿಗಳಿಗೆ ಫೋನ್ ಮಾಡಿ ತಿದ್ದುಪಡಿ ರಿಟರ್ನ್ ಸಲ್ಲಿಸುವಂತೆ ವಿನಂತಿಸುವುದು ವಿದ್ಯಾರ್ಥಿನಿಯ ಮೂರನೆಯ ಮತ್ತು ನಾಲ್ಕನೆಯ ವಾರವನ್ನು ನುಂಗಿತು.

ಜೂನ್‌ನ ಗಡಿಬಿಡಿ

ಬೇಸಿಗೆ ಇಂಟರ್ನ್‌ಶಿಪ್ ಮತ್ತು ತೆರಿಗೆ ಇಲಾಖೆಯ ಗಡುವುಗಳು ಒಟ್ಟಿಗೇ ಬರುತ್ತವೆ. ಜನವರಿ–ಮಾರ್ಚ್ ಅವಧಿಯ ಟಿಡಿಎಸ್ ವಿವರ ಸಲ್ಲಿಕೆಗೆ ಮೇ 31 ಕೊನೆಯ ದಿನ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಮುಂಗಡ ತೆರಿಗೆಯ ಮೊದಲ ಕಂತಿಗೆ ಜೂನ್ 15. 2025ರಲ್ಲಿ ಅದು ಭಾನುವಾರ ಬಿದ್ದುದರಿಂದ ಒಂದು ದಿನ ಹೆಚ್ಚು ಸಿಕ್ಕಿತು.

ವರ್ಷ ಆರಂಭವಾಗಿ ಎರಡೂವರೆ ತಿಂಗಳಿಗೇ ಇಡೀ ವರ್ಷದ ಲಾಭವನ್ನು ಊಹಿಸಿ, ತೆರಿಗೆಯ ಶೇ. 15ರಷ್ಟನ್ನು ಕಟ್ಟಬೇಕು. ವರ್ಷದ ತೆರಿಗೆ 40 ಕೋಟಿ ರೂಪಾಯಿ ಆಗುವ ಕಂಪನಿ 6 ಕೋಟಿ ಬದಲು 4 ಕೋಟಿ ಕಟ್ಟಿತೆಂದರೆ 2 ಕೋಟಿಯ ಕೊರತೆಗೆ ತಿಂಗಳಿಗೆ ಶೇ. 1ರಂತೆ ಮೂರು ತಿಂಗಳ ಬಡ್ಡಿ, ಅಂದರೆ 6 ಲಕ್ಷ ರೂಪಾಯಿ. ಹಾಗಾಗಿಯೇ ಮಾರಾಟ ವಿಭಾಗದ ಆಶಾವಾದವನ್ನೂ ಹಣಕಾಸು ವಿಭಾಗದ ಅಳುಕನ್ನೂ ತೂಗಿ ನೋಡುವ ಸಭೆಗಳು ಜೂನ್ ಮೊದಲ ಪಕ್ಷದಲ್ಲಿ ನಡೆಯುತ್ತವೆ. ಇಂತಹ ಸಭೆಯೊಂದರಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುವ ಅವಕಾಶ ಆ ವಿದ್ಯಾರ್ಥಿನಿಗೂ ದೊರೆಯಿತು.

ಇಷ್ಟಾಗಿಯೂ ಈ ಆರು ವಾರಗಳು ಚಾರ್ಟರ್ಡ್ ಅಕೌಂಟೆನ್ಸಿಯ ಕಡ್ಡಾಯ ತರಬೇತಿಯ ಲೆಕ್ಕಕ್ಕೆ ಸೇರುವುದಿಲ್ಲ. 2023ರ ಹೊಸ ಯೋಜನೆಯಲ್ಲಿ ಆ ತರಬೇತಿ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ; ಅದನ್ನು ಪ್ರತ್ಯೇಕವಾಗಿಯೇ ಪೂರೈಸಬೇಕು. ದೊರೆತ ಭತ್ಯೆ ಪಿ.ಜಿ. ಬಾಡಿಗೆ ಮತ್ತು ಮೆಟ್ರೊ ಪ್ರಯಾಣಕ್ಕೆ ಸರಿಹೋಯಿತು, ಊಟದ ಖರ್ಚನ್ನು ಮನೆಯವರೇ ಭರಿಸಿದರು. ಊರಿನಿಂದ ಬಂದು ನಗರದಲ್ಲಿ ಉಳಿಯಲಾಗದವರಿಗೆ ಈ ಬಾಗಿಲು ತೆರೆಯುವುದೇ ಇಲ್ಲ ಎಂಬುದನ್ನು ಕಚೇರಿಗಳು ಗಮನಿಸಿದಂತಿಲ್ಲ. ಆಕೆ ಮಾತ್ರ ಬ್ಯಾಂಕ್ ಪರೀಕ್ಷೆಯ ತಯಾರಿಯನ್ನು ಬದಿಗಿಟ್ಟು ಸಿ.ಎ. ಇಂಟರ್‌ಮೀಡಿಯೆಟ್‌ಗೆ ಹೆಸರು ನೋಂದಾಯಿಸಿದ್ದಾರೆ.

ಅಲ್ಲಿ ಅವರು ಬಾಯಿಪಾಠ ಮಾಡಿಕೊಂಡ ಸೆಕ್ಷನ್‌ಗಳೂ ಬದಲಾಗಿವೆ. 2025ರ ಆಗಸ್ಟ್ 21ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. ಅದರಲ್ಲಿ 194ಸಿ ಇಲ್ಲ, 194ಜೆ ಇಲ್ಲ. ವೇತನ ಹೊರತುಪಡಿಸಿ ಉಳಿದೆಲ್ಲ ಟಿಡಿಎಸ್ ನಿಯಮಗಳು 393ನೇ ಸೆಕ್ಷನ್‌ನ ಕೋಷ್ಟಕಗಳಲ್ಲಿವೆ. 2025–26ರವರೆಗಿನ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯವಾಗುವುದರಿಂದ, ಬಾಕಿ ಪ್ರಕರಣಗಳು ಮುಗಿಯುವವರೆಗೆ ಕಚೇರಿಗಳ ಮೇಜಿನ ಮೇಲೆ ಎರಡೂ ಪುಸ್ತಕಗಳು ಅಕ್ಕಪಕ್ಕದಲ್ಲಿರಲಿವೆ.